ಬೆನ್ನಿಗೆ ಪಿನ್ನು ಹಾಕುವವಳು

ಲೈಸ್ಯೆ ಹಳೆಯ ಉಡುಪು ಬಿಟ್ಟು ಪೇಟೆ ಬಟ್ಟೆ ಹಾಕಿಕೊಳ್ಳುತ್ತಾಳಂತೆ ಎಂದು ನನಗೆ ಹೇಳಿದ್ದು ಅವಳಲ್ಲ, ಮೀನಂಗಡಿಯವಳು. ಹೊಗೆ ಹಾಕಿದ ಈಲ್ ಮೀನನ್ನು ಕಾಗದದಲ್ಲಿ ಸುತ್ತುತ್ತಾ, ತಲೆಯನ್ನೂ ಎತ್ತದೆ, "ನಿನ್ ಗೆಳತೀನೂ ಬಿಟ್ಳಂತಲ್ಲ, ಡಿರ್ಕ್ಯೆ? ಇನ್ನು ನಿಮ್ ಬೀದೀಲಿ ನೀನೊಬ್ಳೇ" ಎಂದಳು.

"ಯಾವ ಬಾಯಿಹರುಕಿ ಹೇಳಿದ್ದು ನಿಂಗೆ?" ಎಂದೆ.

"ಅವಳ ಮಗಳೇ. ಈ ಶನಿವಾರ ಹುಟ್ಟುಹಬ್ಬ ಅಲ್ವಾ, ಬಟ್ಟೆ ತಂದಾಗಿದೆಯಂತೆ. ಯಾಕೆ, ನಿಂಗೆ ಹೇಳ್ಲಿಲ್ವಾ?"

ಮೈಯೆಲ್ಲ ಉರಿದುಹೋಯಿತು. ಮೀನನ್ನು ಅಲ್ಲೇ ಬಿಟ್ಟು ಹೊರಟೆ. ಬಂದರಿನ ತಿರುವಿಗೆ ಬಂದ ಮೇಲೆ, ಕೋಪ ನನ್ನದು, ಪಾಪ ಮೀನೇನು ಮಾಡಿತು ಎಂದುಕೊಂಡು ಹಿಂದಕ್ಕೆ ಹೋಗಿ ತೆಗೆದುಕೊಂಡೆ. ಅಂಗಡಿಯವಳು ಏನೂ ಅನ್ನದೆ ನಕ್ಕಳು. ಏನಾದರೂ ಅಂದಿದ್ದರೆ ತಿರುಗಿಸಿ ಕೊಡಬಹುದಿತ್ತು.

ನಮ್ಮ ಮೀನುಗಾರರ ಊರು ಸ್ಪಾಕೆನ್‌ಬರ್ಗಿನಲ್ಲಿ ನಾನು ಹುಡುಗಿಯಾಗಿದ್ದಾಗ ಪೇಟೆ ಬಟ್ಟೆಯವಳು ಬಂದರೆ ಮಕ್ಕಳೆಲ್ಲ ಹಿಂದೆ ಓಡುತ್ತಿದ್ದೆವು. ಈಗ ನನ್ನನ್ನು ಕಂಡರೆ ಹೊರಗಿನವರು ಫೋಟೋ ತೆಗೆಯುತ್ತಾರೆ. ಕರಿಯ ಲಂಗ, ಗೆರೆಯ ಏಪ್ರನ್, ಜಡೆಯ ಗಂಟಿನ ಮೇಲೆ ಕ್ರೋಶೆಯ ಬಿಳಿ ಟೋಪಿ, ಎಲ್ಲಕ್ಕೂ ಮೇಲೆ ಕ್ರಾಪ್‌ಲಾಪ್. ಎದೆಗೂ ಬೆನ್ನಿಗೂ ಒಂದೊಂದು ಹಾಳೆಯಂತೆ ಬಿದ್ದು, ಹೆಗಲಾಚೆಗೆ ರೆಕ್ಕೆ ಚಾಚಿ, ಅಕ್ಕಿಗಂಜಿ ಕುಡಿದು ಹಲಗೆಯಷ್ಟು ಬಿರುಸಾಗಿ ನಿಲ್ಲುವ ಬಟ್ಟೆ ಅದು. ಎದೆಯ ಪಿನ್ನುಗಳನ್ನು ನಾವೇ ಹಾಕಿಕೊಳ್ಳಬಹುದು. ಬೆನ್ನಿನದು ಆಗುವುದಿಲ್ಲ. ಬೆನ್ನಿನ ಹಾಳೆಯನ್ನು ಒಳಗಿನ ರವಿಕೆಗೆ ಪಿನ್ನಿನಿಂದ ಹಿಡಿಸದಿದ್ದರೆ ಅದು ಮೇಲೆದ್ದು ಕುತ್ತಿಗೆಗೆ ಬರುತ್ತದೆ, ಹಿಂದೆ ನಿಂತವರೆಲ್ಲ ನಗುತ್ತಾರೆ. ಆದ್ದರಿಂದ ಈ ಉಡುಪು ತೊಡುವವಳಿಗೆ ಮನೆಯಲ್ಲಿ ಇನ್ನೊಬ್ಬ ಹೆಂಗಸು ಬೇಕು. ಅಮ್ಮ, ಅಕ್ಕ, ಮಗಳು, ಯಾರಾದರೂ.

ನನಗೆ ಮದುವೆಯಾಗಲಿಲ್ಲ. ಅಮ್ಮ ಹೋದ ಮೇಲೆ ನನ್ನ ಬೆನ್ನು ಎದುರು ಮನೆಯ ಲೈಸ್ಯೆಯ ಪಾಲಿಗೆ ಬಂತು. ಅವಳ ಗಂಡ ಎವರ್ಟ್ ಸತ್ತು, ಮಗಳು ಹೆರ್ಮಿನಾ ಮದುವೆಯಾಗಿ ಹೋದ ಮೇಲೆ ಅವಳ ಬೆನ್ನು ನನ್ನ ಪಾಲಿಗೆ ಬಂತು. ದಿನಾ ಬೆಳಿಗ್ಗೆ ಲೈಸ್ಯೆ ಓಣಿ ದಾಟಿ ಬರುತ್ತಿದ್ದಳು, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಬರುತ್ತಿದ್ದಳು, ಹಾಗಾಗಿ ಊರಿನ ಸುದ್ದಿಯೆಲ್ಲ ಮೂಗಿನಿಂದಲೇ ಹೇಳುತ್ತಿದ್ದಳು. ಅವಳ ಕೈ ನನ್ನ ಬೆನ್ನಿನ ಮೇಲೆ ಆಡುವ ಆ ಹೊತ್ತು ಬಿಟ್ಟರೆ ಇಡೀ ದಿನದಲ್ಲಿ ನನ್ನನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದು ನನಗೆ ಆಗ ಗೊತ್ತಿರಲಿಲ್ಲ. ಚಳಿಗಾಲದಲ್ಲಿ ಅವಳಿಗೆ ಪಾರ್ಶ್ವವಾಯು ಬಡಿದು, ಬಲಗೈ ಮೇಲೇಳದಂತಾಗಿ, ಏರಿಯ ಪಕ್ಕದ ವೃದ್ಧಾಶ್ರಮಕ್ಕೆ ಸೇರಿದ ಮೇಲೆ ಗೊತ್ತಾಯಿತು. ಅಂದಿನಿಂದ ನಾನು ಬೆನ್ನಿನ ಪಿನ್ನಿಲ್ಲದೆ, ಮೇಲೆ ಕೋಟು ಹಾಕಿಕೊಂಡು ತಿರುಗುತ್ತಿದ್ದೆ. ವಸಂತ ಬಂದರೂ ಕೋಟು ಇಳಿಸಲಿಲ್ಲ.

ಇನ್ನೊಂದು ಮಾತು ಹೇಳಬೇಕು. ನಮ್ಮವರಿಗೆ ಕ್ರಾಪ್‌ಲಾಪಿನ ಬಣ್ಣ ಓದಲು ಬರುತ್ತದೆ. ಮನೆಯಲ್ಲಿ ಸಾವಾದರೆ ಕಪ್ಪು, ಕಾಲ ಕಳೆದ ಮೇಲೆ ನೇರಳೆ, ಶೋಕ ಮುಗಿದವಳಿಗೆ ಕೆಂಪು ಹೂವು. ನಾನು ಕೆಂಪು. ಲೈಸ್ಯೆ ಎವರ್ಟ್ ಸತ್ತಾಗ ಕಪ್ಪಿಗೆ ಹೋದಳು, ಕಪ್ಪಿನಿಂದ ನೇರಳೆಗೆ ಬಂದಳು, ಅಲ್ಲಿಯೇ ಉಳಿದಳು. ಹಾಗೆ ಉಳಿದವರು ಬಹಳ ಮಂದಿ. ಯಾರೂ ಹೇಳಿ ಮಾಡಿಸುವುದಲ್ಲ ಅದು.

ಮೀನಿನ ಪೊಟ್ಟಣ ಕಂಕುಳಲ್ಲಿ ಇಟ್ಟುಕೊಂಡೇ ನೇರ ಆಶ್ರಮಕ್ಕೆ ಹೋದೆ. ಲೈಸ್ಯೆ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ರಾತ್ರಿಯ ಗೌನಿನಲ್ಲೇ ಕೂತಿದ್ದಳು. ಅಲ್ಲಿಗೆ ಸೇರಿದ ಹೊಸದರಲ್ಲಿ ಹಾಸಿಗೆಯಲ್ಲಿ ಪಿನ್ನೊಂದು ಸಿಕ್ಕಿ ನೋಡಿಕೊಳ್ಳುವ ಹುಡುಗಿಗೆ ಚುಚ್ಚಿತ್ತು. ಅದಾದ ಮೇಲೆ ಪಿನ್ನು ಕೂಡದು ಎಂದಿದ್ದರು. ಪಿನ್ನು ಇಲ್ಲ ಎಂದ ಮೇಲೆ ಕ್ರಾಪ್‌ಲಾಪೂ ಇಲ್ಲ.

"ಏನೇ, ಪೇಟೆಯವಳಾಗ್ತೀಯಂತೆ?" ಎಂದೆ ಬಾಗಿಲಲ್ಲೇ.

"ಒಳಗ್ ಬಂದು ಕಿರುಚು. ಪಕ್ಕದ ರೂಮಿನ ಮುದುಕ ಬೆಂಕಿ ಬಿತ್ತು ಅಂದ್ಕೊಂಡು ಎದ್ದುಬಿಡ್ತಾನೆ."

"ಮೀನು ಮಾರೋಳ ಬಾಯಿಂದ ಕೇಳ್ಬೇಕಾಯ್ತಲ್ಲೇ ನಾನು! ನಾಚಿಕೆ ಆಗಲ್ವಾ ನಿಂಗೆ?"

"ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ ಮಾರಾಯ್ತಿ. ನೋಡು, ಹೀಗೆ ಕಿರುಚ್ತೀಯ." ಅವಳು ಎಡಗೈಯಿಂದ ಗೌನಿನ ಅಂಚು ತಿದ್ದಿಕೊಂಡಳು. "ಶನಿವಾರ ಎಲ್ಲಾರೂ ಬರ್ತಾರೆ. ಗೌನಲ್ಲೇ ಕೂರೋಕಾಗತ್ತಾ? ಇಲ್ಲಿ ಪಿನ್ನು ಹಾಕೋ ಹಾಗಿಲ್ಲ."

ಒಮ್ಮೆ ಪೇಟೆ ಬಟ್ಟೆಯಲ್ಲಿ ಜನರ ಕಣ್ಣಿಗೆ ಬಿದ್ದವಳು ನಮ್ಮಲ್ಲಿ ಮರಳಿ ಹಳೆಯದನ್ನು ತೊಡುವುದಿಲ್ಲ. ಹಾಗೆ ಮಾಡಿದವಳನ್ನು ನಾನು ನೋಡಿಲ್ಲ. ಶನಿವಾರ ಆಯಿತೆಂದರೆ ಆಯಿತು.

"ಪಿನ್ನು ತಾನೇ ತೊಂದ್ರೆ?" ಎಂದೆ. "ಪಿನ್ನಿಲ್ಲದ ಕ್ರಾಪ್‌ಲಾಪ್ ಮಾಡ್ಕೊಡ್ತೀನಿ. ಶುಕ್ರವಾರದೊಳಗೆ."

ಅವಳು ಕಿಟಕಿಯಾಚೆ ನೋಡಿದಳು. ಏರಿಯ ಮೇಲೆ ಯಾರೋ ಸೈಕಲ್ಲಿನಲ್ಲಿ ಗಾಳಿಗೆ ಎದುರಾಗಿ ಒದ್ದಾಡುತ್ತಿದ್ದರು. "ಹೂಂ," ಎಂದಳು, "ನಿನ್ನಿಷ್ಟ." ನಾನು ಅದನ್ನು ಒಪ್ಪಿಗೆ ಎಂದುಕೊಂಡೆ. ಮನಸ್ಸಿಗೆ ಬೇಕಾದದ್ದು ಕಿವಿಗೆ ಬೇಗ ಕೇಳಿಸುತ್ತದೆ.

ಕ್ರಾಪ್‌ಲಾಪಿನ ನಮೂನೆ ನನ್ನ ಅಮ್ಮನದು. ಸಕ್ಕರೆ ಕಟ್ಟುತ್ತಿದ್ದ ನೀಲಿ ಕಾಗದದಲ್ಲಿ ಕತ್ತರಿಸಿದ್ದು. ಟೇಪು ಹಚ್ಚಿ ಹಚ್ಚಿ ಈಗ ಕಾಗದಕ್ಕಿಂತ ಟೇಪೇ ಹೆಚ್ಚಾಗಿದೆ. ಅದನ್ನು ಊಟದ ಮೇಜಿನ ಮೇಲೆ ಹಾಸಿ, ಗೋಡೆಗೆ ಅಂಟಿಸಿ ಮಿಕ್ಕಿದ್ದ ಕಾಗದದ ಮೇಲೆ ಪೆನ್ಸಿಲಿನಿಂದ ನಕಲು ತೆಗೆದೆ. ನಮೂನೆಯನ್ನು ತಿದ್ದುವುದು ನನಗೆ ಹೊಸದಲ್ಲ. ಹೆಗಲು ಇಳಿದವಳಿಗೆ ಅರ್ಧ ಬೆರಳು ಒಳಗೆ, ಎದೆ ತುಂಬಿದವಳಿಗೆ ಒಂದು ಬೆರಳು ಹೊರಗೆ, ಬಸುರಿಗೆ ಮುಂದಿನ ಹಾಳೆ ಮೋಟು. ಆದರೆ ಕುರ್ಚಿಗೆ ಯಾರೂ ನಮೂನೆ ತಿದ್ದಿರಲಿಲ್ಲ. ಗಾಲಿಕುರ್ಚಿಯ ಬೆನ್ನು ಕ್ರಾಪ್‌ಲಾಪಿನ ಹಿಂದಿನ ಹಾಳೆಯನ್ನು ಮೇಲೆ ನೂಕುತ್ತದೆ. ಅದರ ಕೈಗಳು ರೆಕ್ಕೆಗೆ ತಾಗುತ್ತವೆ. ಹಿಂದೆ ಮೋಟು ಮಾಡಿದೆ, ರೆಕ್ಕೆ ಕತ್ತರಿಸಿದೆ. ಪ್ರತಿ ಸಲ ಕತ್ತರಿ ಆಡಿಸುವಾಗಲೂ ಅಮ್ಮ ಹಿಂದೆ ನಿಂತು 'ಹೂಂ, ಇನ್ನೂ ಕತ್ತರಿಸು, ಕೊನೆಗೆ ಕರವಸ್ತ್ರ ಉಳಿಯತ್ತೆ' ಎನ್ನುತ್ತಿದ್ದಾಳೆ ಅನ್ನಿಸಿತು. 'ಸುಮ್ನಿರಮ್ಮ' ಎಂದು ಗಟ್ಟಿಯಾಗಿಯೇ ಹೇಳಿದೆ. ಒಬ್ಬಳೇ ಇರುವವಳಿಗೆ ಸತ್ತವರೊಂದಿಗೆ ಜಗಳವಾಡುವುದು ಅಭ್ಯಾಸವಾಗುತ್ತದೆ.

ಬಟ್ಟೆಗೆ ಹಳೆಯ ಪರದೆಯೊಂದನ್ನು ತೆಗೆದೆ. ನೇರಳೆ ನೆಲದ ಮೇಲೆ ಬಿಳಿಯ ಬಳ್ಳಿ, ಬಹಳ ಲಕ್ಷಣವಾದ ಬಟ್ಟೆ. ಲೈಸ್ಯೆಗಾಗಿಯೇ ಎತ್ತಿಟ್ಟಿದ್ದೆ. ಬಲ ಹೆಗಲೂ ಬಲ ಪಕ್ಕವೂ ಪೂರ್ತಿ ತೆರೆದುಕೊಳ್ಳುವಂತೆ ಮಾಡಿದೆ. ಎಡಗೈ ತೂರಿಸಿ, ತಲೆ ತಗ್ಗಿಸಿ, ಬಲಗಡೆಯಿಂದ ಮುಚ್ಚಿ ಒತ್ತಿದರೆ ಮುಗಿಯಬೇಕು. ಏನಿಂದ ಮುಚ್ಚುವುದು? ಮೊದಲು ಚರಚರ ಎಂದು ಬಿಚ್ಚಿಕೊಳ್ಳುವ ಆ ವೆಲ್ಕ್ರೋ ಪಟ್ಟಿ ಹೊಲಿದೆ. ಅಯ್ಯೋ ನನ್ನ ಬುದ್ಧಿಯೇ! ಗಂಜಿ ಹಾಕಿ ಒಣಗಿಸಿದೆ, ಗಂಜಿ ಅದರ ಸಣ್ಣ ಕೊಕ್ಕೆಗಳಲ್ಲೆಲ್ಲ ತುಂಬಿಕೊಂಡು, ಪಟ್ಟಿ ಒಣ ರೊಟ್ಟಿಯ ಹಾಗೆ ಕೂತುಬಿಟ್ಟಿತು. ಅಂಟಲಿಲ್ಲ, ಬಿಡಲೂ ಇಲ್ಲ. ಬಾಯಿಗೆ ಬಂದ ಹಾಗೆ ಬೈದು ಎಲ್ಲ ಬಿಚ್ಚಿದೆ. ಮತ್ತೆ ಒತ್ತುಗುಂಡಿ ಹೊಲಿದೆ. ಟಪ್ ಎಂದು ಕೂರುವಂಥವು, ಒತ್ತಿ ಮುಚ್ಚಲು ಒಂದು ಕೈ ಸಾಕು.

ಒಳಗಿನ ಮೂಲೆಯಲ್ಲಿ ಅವಳ ಹೆಸರಿನ ಮೊದಲಕ್ಷರವನ್ನು ಅಡ್ಡಹೊಲಿಗೆಯಲ್ಲಿ ಹಾಕಿದೆ. ಆಶ್ರಮದ ದೋಭಿಖಾನೆಯವರು ಎಲ್ಲರ ಬಟ್ಟೆಗೂ ಚೀಟಿ ಅಂಟಿಸುತ್ತಾರೆ. ನಮ್ಮ ಬಟ್ಟೆಗೆ ಚೀಟಿ ಏನು, ಅಕ್ಷರ ಇರಬೇಕು. ಎಳೆ ಎಣಿಸಿ ಹಾಕುವ ಆ ಅಕ್ಷರವನ್ನು ಹುಡುಗಿಯಾಗಿದ್ದಾಗ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತಿದ್ದೆವು. ಹೊಲಿಯುವಾಗ ಮನಸ್ಸು ಹಗುರವಾಗಿತ್ತು. ವಾರಕ್ಕೊಮ್ಮೆ ನಾನೇ ಗಂಜಿ ಹಾಕಿ, ಇಸ್ತ್ರಿ ಮಾಡಿ, ತಂದು ಕೊಡುವುದು. ಅವಳು ಹಾಕಿಕೊಂಡು ಕೂರುವುದು. ಇಬ್ಬರೂ ಇರುವುದು. ಇಷ್ಟೇ ಬೇಕಾಗಿತ್ತು ನನಗೆ.

ಗುರುವಾರ ಅದನ್ನು ಆಶ್ರಮಕ್ಕೆ ಒಯ್ದು, ಲೈಸ್ಯೆಗೆ ಕಾಣದ ಹಾಗೆ ರೊಸಾನ್‌ಗೆ ತೋರಿಸಿದೆ. ಬೆಳಿಗ್ಗೆ ಲೈಸ್ಯೆಗೆ ಬಟ್ಟೆ ತೊಡಿಸುವವಳು ಇವಳೇ, ಎರಡು ಮಕ್ಕಳ ತಾಯಿ, ಪಕ್ಕದ ಪೇಟೆ ಆಮರ್ಸ್‌ಫೋರ್ಟಿನವಳು.

"ಅಜ್ಜಿ, ಇದೇನು ಬಟ್ಟೆಯೋ ಮೇಜಿನ ಹಲಗೆಯೋ?" ಎಂದು ಬೆರಳಿನಿಂದ ಬಡಿದು ನೋಡಿದಳು.

"ಎರಡೂ ಅಲ್ಲ, ಮಾನ. ಹಾಕಿ ನೋಡು ನಂಗೆ."

ಅವಳು ಹಾಕಿದಳು. ಲೈಸ್ಯೆಯ ಅಳತೆ ನನಗೆ ಇಕ್ಕಟ್ಟು, ಆದರೂ ಟಪ್ ಟಪ್ ಎಂದು ಕ್ಷಣದಲ್ಲಿ ಮುಗಿಯಿತು. "ಇಷ್ಟೇನಾ? ಇದಾದ್ರೆ ಕಣ್ಮುಚ್ಚಿ ಹಾಕ್ತೀನಿ!" ಎಂದಳು. ಆ ದಿನ ಮನೆಗೆ ಹೋಗುವಾಗ ಮೀನಂಗಡಿಯವಳಿಗೆ ಬೇಕೆಂದೇ ಕೈಬೀಸಿದೆ.

ಶುಕ್ರವಾರ ಲೈಸ್ಯೆಗೆ ತೊಡಿಸಿದೆವು. ರೊಸಾನ್ ಕುರ್ಚಿಯನ್ನು ಕನ್ನಡಿಯ ಮುಂದೆ ತಂದಳು. ರೆಕ್ಕೆ ಕುರ್ಚಿಯ ಕೈಗಳಿಗೆ ಕೂದಲೆಳೆಯಷ್ಟೂ ತಾಗಲಿಲ್ಲ. ಬೆನ್ನು ನೆಟ್ಟಗೆ. ಕತ್ತು ಸರಿ. ನನಗೇ ಕಣ್ಣು ತುಂಬಿತು. ಲೈಸ್ಯೆ ಬಹಳ ಹೊತ್ತು ನೋಡಿದಳು, ಒಳಗಿನ ಮೂಲೆ ತಿರುಗಿಸಿ ತನ್ನ ಅಕ್ಷರ ನೋಡಿದಳು.

"ಎಂಥ ಕೈಯೇ ನಿಂದು," ಎಂದಳು. "ಬಂಗಾರದಂಥ ಕೈ." ಆಮೇಲೆ, "ತೆಗೀರಿ ಇದನ್ನ," ಎಂದಳು.

ರೊಸಾನ್ ನನ್ನ ಮುಖ ನೋಡಿದಳು. ಬುದ್ಧಿವಂತೆ, ಗುಂಡಿ ಬಿಚ್ಚಿ ಕ್ರಾಪ್‌ಲಾಪನ್ನು ಹಾಸಿಗೆಯ ಮೇಲಿಟ್ಟು ಹೊರಗೆ ಹೋದಳು.

"ಎಲ್ಲಾದ್ರೂ ಒತ್ತತ್ತಾ?" ಎಂದೆ. "ಕಂಕುಳು ಇಳಿಸ್ತೀನಿ. ಹೇಳು, ಇವತ್ತೇ ಮಾಡ್ಕೊಂಡ್ ಬರ್ತೀನಿ."

"ಎಲ್ಲೂ ಒತ್ತಲ್ಲ. ಡಿರ್ಕ್ಯೆ, ಪಿನ್ನಿಗಾಗಿ ಅಲ್ಲ ಕಣೇ ನಾನು ಬಿಡ್ತಿರೋದು."

"ಮತ್ಯಾಕೆ?"

ಅವಳು ಎಡಗೈಯಿಂದ ಬೀರುವಿನ ಕಡೆ ತೋರಿಸಿದಳು. ತೆರೆದೆ. ಮಗಳು ತಂದ ಬಟ್ಟೆ ತೂಗುಹಾಕಿತ್ತು. ಕರಿಯ ಪ್ಯಾಂಟು, ಮತ್ತೆ ಒಂದು ಉಣ್ಣೆಯ ಅಂಗಿ. ಕೆಂಪು. ಕಣ್ಣಿಗೆ ಹೊಡೆಯುವ ಕೆಂಪು.

"ಹೆರ್ಮಿನಾ ಬೂದಿಬಣ್ಣದ್ದು ತಂದಿದ್ಳು. ನಾನೇ ವಾಪಸ್ ಕಳಿಸಿ ಇದನ್ನ ತರಿಸ್ದೆ," ಎಂದಳು ಲೈಸ್ಯೆ. "ನಂಗೆ ನೇರಳೆ ಸಾಕಾಗಿದೆ. ಎವರ್ಟ್ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಸಾಕಾಗಿದೆ, ಅಷ್ಟೇ. ದಿನಾ ಬೆಳಿಗ್ಗೆ ನಿನ್ ಬೆನ್ನಿಗೆ ಆ ಕೆಂಪು ಹೂವು ಚುಚ್ಚೋವಾಗ್ಲೆಲ್ಲ ನಂಗೂ ಆಸೆ ಆಗ್ತಿತ್ತು."

ನನ್ನ ಮಾತು ಕೋಪವಾಗಿ ಹೊರಟಿತು. "ಅದಕ್ಕೇನಂತೆ! ಕೆಂಪು ಮಾಡ್ಕೊಡ್ತೀನಿ! ಬಟ್ಟೆ ಇಲ್ವಾ ನನ್ ಹತ್ರ? ನಮೂನೆ ಇದೆ, ಗುಂಡಿ ಇದೆ, ಬೇಕಾದ್ರೆ ನನ್ ಭಾನುವಾರದ್ದನ್ನೇ ಕತ್ತರಿಸ್ತೀನಿ!"

"ಕೆಂಪು ಕ್ರಾಪ್‌ಲಾಪ್ ಹಾಕ್ಕೊಂಡ್ರೆ ಊರೆಲ್ಲ ಓದತ್ತೆ. ಲೈಸ್ಯೆ ಗಂಡನ್ನ ಮರೆತ್ಳು ಅಂತ. ಈ ವಯಸ್ಸಲ್ಲಿ ಏನಾಯ್ತು ಇವಳಿಗೆ ಅಂತ." ಅವಳು ಅಂಗಿಯ ಕಡೆ ನೋಡಿದಳು. "ಇದನ್ನ ಹಾಕ್ಕೊಂಡ್ರೆ ಯಾರೂ ಏನೂ ಓದಲ್ಲ. ಬರೀ ಕೆಂಪು ಅಂಗಿ. ಅಂಗಡಿಯಿಂದ ತಂದಿದ್ದು."

"ಯಾರ್ ಅಂತಾರೆ ಹಾಗೆ? ನಾನ್ ಅಂದಿದ್ದೀನಾ ಯಾವತ್ತಾದ್ರೂ?"

"ಇಲ್ಲ, ನೀನ್ ಅಂದಿಲ್ಲ. ಬಿಟ್ಟುಬಿಡೇ ನೇರಳೆ ಅಂತಾನೂ ಅಂದಿಲ್ಲ."

ನೇರಳೆ ಅವಳ ಬಣ್ಣ ಎಂದುಕೊಂಡಿದ್ದೆ, ನೀಲಿ ಅವಳ ಕಣ್ಣಿನ ಬಣ್ಣ ಇದ್ದ ಹಾಗೆ. ಅವಳಿಗಾಗಿ ಪರದೆಯ ಬಟ್ಟೆ ಆರಿಸುವಾಗಲೂ ಒಮ್ಮೆಯೂ ಕೇಳಿರಲಿಲ್ಲ. ಹಾಸಿಗೆಯ ಮೇಲಿದ್ದ ಕ್ರಾಪ್‌ಲಾಪನ್ನು ಚೀಲಕ್ಕೆ ತುರುಕಿ, "ಹಾಗಾದ್ರೆ ನಿನ್ ಪೇಟೆ ಬಟ್ಟೆ, ನಿನ್ ಹುಟ್ಟುಹಬ್ಬ, ಚೆನ್ನಾಗಿ ಮಾಡ್ಕೊ" ಎಂದು ಹೊರಗೆ ಬಂದೆ. ಗಂಜಿ ಹಾಕಿದ ಬಟ್ಟೆ ಚೀಲದಲ್ಲಿ ಮುರಿದ ಸದ್ದು ಕೇಳಿಸಿತು. ನಿಂತು ನೋಡಲಿಲ್ಲ.

ಹೋಗುವುದಿಲ್ಲ ಎಂದೇ ಇದ್ದೆ. ಶನಿವಾರ ಮಧ್ಯಾಹ್ನ ಲಂಗ ತೊಟ್ಟೆ, ಏಪ್ರನ್ ಕಟ್ಟಿದೆ, ಟೋಪಿ ಇಟ್ಟೆ. ಕೆಂಪು ಹೂವಿನ ಕ್ರಾಪ್‌ಲಾಪ್ ಹಾಕಿ ಎದೆಯ ಪಿನ್ನು ಹಾಕಿಕೊಂಡು, ಬೆನ್ನಿಗೆ ಕೈ ಒಯ್ದು ಪ್ರಯತ್ನಿಸಿದೆ. ಬೆರಳಿಗೆ ಚುಚ್ಚಿತು. ಬಾಗಿಲ ಚಿಲಕಕ್ಕೆ ಒರಗಿ ನೋಡಿದೆ, ಕನ್ನಡಿಗೆ ಬೆನ್ನು ಮಾಡಿ ನೋಡಿದೆ, ಇಕ್ಕಳ ಹಿಡಿದೂ ನೋಡಿದೆ. ಯಾರಾದರೂ ಕಂಡಿದ್ದರೆ ಮುದುಕಿಗೆ ಹುಚ್ಚು ಹಿಡಿಯಿತು ಎನ್ನುತ್ತಿದ್ದರು. ಓಣಿಯಾಚೆ ಅವಳ ಮನೆಯ ಪರದೆ ಮುಚ್ಚಿತ್ತು. ಇಡೀ ಬೀದಿಯಲ್ಲಿ ಪಿನ್ನು ಹಿಡಿಯಲು ಬರುವ ಒಂದು ಕೈ ಇರಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತೆ. ಆಮೇಲೆ ಮುಖ ತೊಳೆದು ಕೋಟು ಹಾಕಿಕೊಂಡು ಹೊರಟೆ.

ಅವಳ ಕೋಣೆಯಲ್ಲಿ ಕುರ್ಚಿಗಳನ್ನು ಸುತ್ತ ಹಾಕಿದ್ದರು. ಹುಟ್ಟುಹಬ್ಬದವಳಿಗೆ ಅಷ್ಟೇ ಅಲ್ಲ, ಕೂತವರಿಗೆಲ್ಲ ಒಬ್ಬೊಬ್ಬರಿಗೂ ಕೈಕುಲುಕಿ ಅಭಿನಂದನೆ ಹೇಳಬೇಕು ನಮ್ಮಲ್ಲಿ. ಮಗಳಿಗೆ ಅಮ್ಮನ ಬಗ್ಗೆ, ಅಳಿಯನಿಗೆ ಅತ್ತೆಯ ಬಗ್ಗೆ. ಹೆರ್ಮಿನಾ ನನ್ನ ಕೈ ಹಿಡಿದು, "ಡಿರ್ಕ್ಯೆ ಚಿಕ್ಕಮ್ಮ, ನಿಮ್ ಗೆಳತಿಗಾಗಿ ಅಭಿನಂದನೆ" ಎಂದಳು. ಸುತ್ತು ಮುಗಿಸಿ ಲೈಸ್ಯೆಯ ಎದುರು ಬಂದು ನಿಂತೆ.

ಕೆಂಪು ಅಂಗಿಯಲ್ಲಿ ಅವಳು ಎಷ್ಟು ಸಣ್ಣಗಿದ್ದಳು! ಆ ರೆಕ್ಕೆಗಳಡಿಯಲ್ಲಿ ಇಷ್ಟು ಚಿಕ್ಕ ಹೆಗಲು ಇದೆಯೆಂದು ನನಗೇ ಗೊತ್ತಿರಲಿಲ್ಲ, ದಿನಾ ಪಿನ್ನು ಹಾಕಿದವಳಿಗೆ. ಟೋಪಿ ಇಲ್ಲ. ಕೂದಲು ಗಿಡ್ಡ ಮಾಡಿ ಗುಂಗುರು ಮಾಡಿದ್ದರು. ಕೆನ್ನೆಯಲ್ಲಿ ಬಣ್ಣ ಬಂದಿತ್ತು. ಹೇಳಬೇಕೆಂದು ದಾರಿಯುದ್ದಕ್ಕೂ ಹರಿತ ಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ನಾಲಿಗೆಯಲ್ಲೇ ಉಳಿದವು.

"ಹೇಗಿದ್ದೀನಿ?" ಎಂದಳು ಹೆದರಿ ಹೆದರಿ.

"ಟೊಮೇಟೊ ಹಣ್ಣಿನ ಹಾಗಿದ್ದೀಯ," ಎಂದೆ.

ಅವಳು ಕೆಮ್ಮು ಬರುವ ತನಕ ನಕ್ಕಳು. ಎಲ್ಲರೂ ನಕ್ಕರು. ಎಷ್ಟೋ ವರ್ಷದಿಂದ ಅವಳು ಹಾಗೆ ನಕ್ಕಿರಲಿಲ್ಲ. ನನಗೆ ಖುಷಿಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಕಾಫಿ ಬಂತು, ಕೇಕು ಬಂತು. ಹೀಟರ್ ಉರಿಯುತ್ತಿತ್ತು. ನನ್ನ ಕತ್ತಿನಿಂದ ಬೆವರು ಇಳಿಯುತ್ತಿತ್ತು. "ಕೋಟು ತೆಗೆಯೇ," ಎಂದಳು ಲೈಸ್ಯೆ.

"ನಂಗೆ ಚಳಿ."

ಅವಳು ಕೇಕಿನ ಚಮಚವನ್ನು ತಟ್ಟೆಗಿಟ್ಟಳು. ಉಳಿದವರು ಮಾತಿನಲ್ಲಿದ್ದರು. ನನ್ನ ಕಡೆ ಬಾಗಿ, ಮೆಲ್ಲಗೆ, "ಯಾರೂ ಇಲ್ವೇನೇ? ಬೆನ್ನಿಗೆ?" ಎಂದಳು.

ನಾನು ಕಾಫಿ ಕುಡಿದೆ.

"ಚಳಿಗಾಲದಿಂದಾನೂ ಹೀಗೇನಾ? ಅಯ್ಯೋ ದೇವ್ರೇ. ಈ ಕೋಟು ಯಾಕೆ ತೆಗಿಯಲ್ಲ ಇವಳು ಅಂತ ನಾನ್ ಅಂದ್ಕೊಳ್ತಿದ್ದೆ." ಅವಳ ಮುಖದಲ್ಲಿದ್ದ ಬಣ್ಣ ಇಳಿದುಹೋಯಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅಂದಳು: "ಮುಂದಿನ್ ವಾರ ಬರೋವಾಗ ಆ ನೇರಳೇದು ತಗೊಂಡ್ ಬಾ. ಹಾಕ್ಕೊಳ್ತೀನಿ."

"ಹುಚ್ಚಾ ನಿಂಗೆ? ಪೇಟೆ ಬಟ್ಟೆ ಹಾಕಿದವಳು ವಾಪಸ್ ಬರೋದುಂಟಾ?"

"ಜನ ನಗ್ಲಿ ಬಿಡು. ನಿನ್ನನ್ನ ಒಬ್ಳನ್ನೇ ಬಿಟ್ಟು ನಾನ್ ಕೆಂಪು ಹಾಕ್ಕೊಂಡ್ ಕೂತ್ರೆ ಮೈಗೆ ಹತ್ತತ್ತೇನೇ? ತಗೊಂಡ್ ಬಾ."

ನಾನು ಬೇಡ ಎನ್ನಲಿಲ್ಲ. ಕೇಳಿದ್ದೇ ಸಿಕ್ಕಿತ್ತು ನನಗೆ, ಇದಕ್ಕಾಗಿಯೇ ಅಲ್ಲವೇ ವಾರವೆಲ್ಲ ಹೊಲಿದದ್ದು? ಮನೆಗೆ ಬಂದು ಚೀಲದಿಂದ ನೇರಳೆಯದನ್ನು ತೆಗೆದು ಮೇಜಿನ ಮೇಲಿಟ್ಟೆ. ಒಂದು ಕಡೆ ಗಂಜಿ ಮುರಿದಿತ್ತು. ಒಗೆದು, ಮತ್ತೆ ಗಂಜಿ ಕೊಟ್ಟು, ಇಸ್ತ್ರಿ ಮಾಡಿದರೆ ಹೊಸದೇ. ಭಾನುವಾರ ಅದನ್ನು ಮುಟ್ಟಲಿಲ್ಲ, ದೇವರ ದಿನ. ಸೋಮವಾರ ಒಗೆದು ಒಣಹಾಕಿದೆ. ಮಂಗಳವಾರ ಗಂಜಿ ಕುದಿಯಲಿಟ್ಟೆ. ಪಾತ್ರೆಯ ಮುಂದೆ ನಿಂತು ಸೌಟು ಆಡಿಸುತ್ತಾ ಅವಳ ನಗುವನ್ನೇ ನೆನೆಯುತ್ತಿದ್ದೆ. ಗಂಜಿ ತಳ ಹಿಡಿಯಿತು.

ಆಗ ಒಲೆ ಆರಿಸಿ, ಹೊಲಿಗೆ ಬಿಚ್ಚುವ ಸೀಳುಗತ್ತರಿ ತಂದು, ನೇರಳೆಯ ಕ್ರಾಪ್‌ಲಾಪಿನ ಒತ್ತುಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದೆ.

ಅಮ್ಮನ ನಮೂನೆಯನ್ನು ಮತ್ತೆ ಹಾಸಿದೆ. ಈ ಸಲ ನನ್ನ ಅಳತೆ. ಹಿಂದಿನ ಹಾಳೆಯನ್ನು ರವಿಕೆಯ ಬೆನ್ನಿಗೇ ಹೊಲಿದುಬಿಡುವುದು, ಪಿನ್ನಿನ ಮಾತೇ ಇಲ್ಲ. ಮುಂದಿನ ಹಾಳೆಯನ್ನು ನಟ್ಟನಡುವೆ ಸೀಳಿ ಅಂಗಿಯ ಹಾಗೆ ತೆರೆಯುವುದು. ಸೀಳಿದ ಅಂಚಿಗೆ ಒತ್ತುಗುಂಡಿ. ಅದರ ಮೇಲೆ ಹೇಗೂ ಎದೆಯ ನಡುವೆ ನಾವು ಹಾಕುವ ಚೌಕಳಿಯ ಪಟ್ಟಿ ಬರುತ್ತದೆ, ಸೀಳು ಕಾಣುವುದಿಲ್ಲ. ಗಂಜಿ ಹಾಕುವಾಗಲೆಲ್ಲ ಬೆನ್ನಿನ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬೇಕು. ಹೊಲಿಯೋಣ, ನನಗೇನು ಮನೆ ತುಂಬ ಮಕ್ಕಳೇ? ನನ್ನ ಭಾನುವಾರದ ಕೆಂಪು ಹೂವಿನದನ್ನೇ ತೆಗೆದುಕೊಂಡೆ. ನಡುವೆ ಕತ್ತರಿ ಇಡುವಾಗ ಕೈ ನಿಂತಿತು. ಅಮ್ಮ ಏನಾದರೂ ಅನ್ನುತ್ತಾಳೇನೋ ಎಂದು ಕಾದೆ. ಅವಳು ಮಾತಾಡಲಿಲ್ಲ. ಕತ್ತರಿಸಿದೆ.

ಬಂದ ಶನಿವಾರ ಅದನ್ನು ತೊಟ್ಟೆ. ತೋಳು ತೂರಿಸಿ, ಮುಂದೆ ಎಳೆದುಕೊಂಡು, ಟಪ್ ಟಪ್ ಎಂದು ಮೇಲಿನಿಂದ ಕೆಳಗೆ ಒತ್ತಿದೆ. ಕನ್ನಡಿಗೆ ಬೆನ್ನು ತಿರುಗಿಸಿ ನೋಡಿದೆ. ಕ್ರಾಪ್‌ಲಾಪ್ ಅಷ್ಟು ಚೆನ್ನಾಗಿ ಎಂದೂ ಕೂತಿರಲಿಲ್ಲ. ಯಾರ ಕೈಯೂ ಬೇಕಾಗಲಿಲ್ಲ. ಹಾಳಾಗಿ ಹೋಗಲಿ ಎಂದು ಕೋಟನ್ನು ಗೂಟಕ್ಕೆ ಹಾಕಿ, ಹಾಗೆಯೇ ಬೀದಿಗೆ ಇಳಿದೆ. ಗಾಳಿ ಬೆನ್ನಿಗೆ ತಣ್ಣಗೆ ತಾಗಿತು.

ಲೈಸ್ಯೆ ಗೌನಿನಲ್ಲೇ ಕೂತಿದ್ದಳು. ಕೆಂಪು ಅಂಗಿ ಬೀರುವಿನಲ್ಲಿ ತೂಗುತ್ತಿತ್ತು. ನನಗಾಗಿ ಕಾಯುತ್ತಿದ್ದಳು.

"ತಂದ್ಯಾ?" ಎಂದಳು.

"ಇಲ್ಲ." ನಾನು ಅವಳಿಗೆ ಬೆನ್ನು ತಿರುಗಿಸಿ ನಿಂತೆ.

ಕುರ್ಚಿಯ ಗಾಲಿ ಕಿರುಗುಟ್ಟಿತು. ಅವಳ ಎಡಗೈ ನನ್ನ ಬೆನ್ನಿನ ಮೇಲೆ ಬಂತು, ಅಂಚನ್ನು ನೇವರಿಸಿತು. ಹೊಲಿಗೆ ಒಳಗಡೆ ಇತ್ತು, ಕೈಗೆ ಸಿಗುವಂತಿರಲಿಲ್ಲ.

"ಯಾರೇ ಹಾಕಿದ್ದು? ಇಷ್ಟ್ ನೆಟ್ಟಗೆ?"

"ಸಿಕ್ಕಿದ್ದಾಳೆ ಒಬ್ಳು."

"ಯಾರು? ನಂಗೆ ಗೊತ್ತಾ?"

"ಇಲ್ಲ. ಅವಳು ಅಷ್ಟಾಗಿ ಹೊರಗೆ ಬರಲ್ಲ."

"ದಿನಾ ಬರ್ತಾಳಾ?"

"ದಿನಾ. ಬೆಳಿಗ್ಗೆ ನಾನ್ ಏಳೋವಾಗ್ಲೇ ಇರ್ತಾಳೆ." ನಾನು ತಿರುಗಿ, ಬೀರುವಿನಿಂದ ಕೆಂಪು ಅಂಗಿಯನ್ನು ತೆಗೆದು ಅವಳ ಮಡಿಲಿಗೆ ಹಾಕಿದೆ. "ಹಾಕ್ಕೊ ಇದನ್ನ. ಗೌನಲ್ಲಿ ಕೂತಿದ್ದೀಯ, ರೋಗಿಷ್ಠೆ ಹಾಗೆ."

ಅವಳ ಮುಖದಲ್ಲಿ ನಿರಾಳ ಮೂಡಿದ್ದನ್ನು ನಾನು ನೋಡಿದೆ. ಆಮೇಲೆ ಸಣ್ಣದೊಂದು ಹೊಟ್ಟೆಕಿಚ್ಚು ಬಂತು, ಅದನ್ನೂ ನೋಡಿದೆ. "ಕೈ ಹೇಗಿದೆ ಅವಳದು? ಚುಚ್ತಾಳಾ?"

"ಚುಚ್ದೆ ಇರ್ತಾಳಾ? ನಿನ್ ಕೈ ಎಲ್ಲಿ, ಅವಳ ಕೈ ಎಲ್ಲಿ."

ಲೈಸ್ಯೆಗೆ ಬಹಳ ಸಂತೋಷವಾಯಿತು. ನಾನು ಅವಳ ಸೆಟೆದ ತೋಳನ್ನು ಮೆಲ್ಲಗೆ ಎತ್ತಿ ಕೆಂಪು ತೋಳಿನೊಳಗೆ ತೂರಿಸಿದೆ, ತಲೆಯ ಮೇಲಿಂದ ಎಳೆದೆ, ಗುಂಗುರು ಕೂದಲನ್ನು ಸರಿಮಾಡಿದೆ. ಅವಳು ಅಂಗಿಯ ಅಂಚು ಎಳೆದುಕೊಂಡು ಕನ್ನಡಿಯಲ್ಲಿ ನೋಡಿಕೊಂಡಳು.

"ಒಂದಿನ ಕರ್ಕೊಂಡ್ ಬಾರೇ ಅವಳನ್ನ," ಎಂದಳು. "ಅವಳಿಗೂ ಯಾರೂ ಇಲ್ವೇನೋ, ಪಾಪ."

"ಇಲ್ಲ," ಎಂದೆ. "ನನ್ ಬಿಟ್ರೆ ಅವಳಿಗೆ ಯಾರೂ ಇಲ್ಲ."